ದಲ್ಲಾಳಿಯ ಜಮಾಖರ್ಚು

ದಲ್ಲಾಳಿ ಎಂಬ ಮಾತನ್ನು ನಮ್ಮ ಕಡೆ ಯಾರೂ ಗೌರವದಿಂದ ಆಡುವುದಿಲ್ಲ. ದನದ ಜಾತ್ರೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವವನು, ಸೈಟು ಕೊಡಿಸುವವನು, ಬಾಡಿಗೆ ಮನೆ ತೋರಿಸುವವನು, ಎಲ್ಲರೂ ದಲ್ಲಾಳಿಗಳೇ. ಎರಡೂ ಕಡೆ ತಿನ್ನುವವನೆಂಬ ಗುಮಾನಿ ಆ ಮಾತಿನ ಬೆನ್ನಿಗೇ ಅಂಟಿಕೊಂಡಿದೆ. ಆದರೆ ಉರ್ದು ಶಾಲೆಯಲ್ಲಿ ನಮಗೆ ಪಾಠ ಹೇಳಿದ ಉಸ್ತಾದರೊಬ್ಬರು ಒಂದು ದಿನ ಈ ಪದವನ್ನು ಬಿಡಿಸಿ ತೋರಿಸಿದ್ದರು. ದಲ್ಲಾಲ್ ಮತ್ತು ದಲೀಲ್ ಒಂದೇ ಅರಬಿ ಧಾತುವಿನ ಮಕ್ಕಳು. ದಾರಿ ತೋರಿಸುವವನು ದಲ್ಲಾಲ್. ತೋರಿಸಿದ್ದು ನಿಜ ಎನ್ನುವುದಕ್ಕೆ ಇರುವ ಪುರಾವೆ ದಲೀಲ್.

ಕನ್ನಡ ಶಾಲೆಗೆ ಬಂದ ಮೇಲೆ ನನಗೆ ಇನ್ನೊಂದು ಸೋಜಿಗ ಕಾದಿತ್ತು. ಮೇಷ್ಟರು ಬೋರ್ಡಿನ ಮೇಲೆ ಬರೆದ ಲೆಕ್ಕದ ಮಾತುಗಳೆಲ್ಲ ನಮ್ಮ ಮನೆಯ ಮಾತುಗಳೇ ಆಗಿದ್ದವು. ಜಮಾ, ಖರ್ಚು, ಬಾಕಿ, ವಸೂಲಿ, ನಗದು, ರಸೀದಿ, ತಾರೀಖು, ಹರಾಜು. ಅರಬಿ ಫಾರಸಿಗಳಿಂದ ಹೊರಟು ದಖನ್ನಿನ ಕಚೇರಿ, ಪೇಟೆಗಳನ್ನು ಹಾದು ಕನ್ನಡದ ಹಳ್ಳಿಹಳ್ಳಿಗೂ ಸೇರಿಕೊಂಡ ಪದಗಳು ಇವು. ಇವು ಕನ್ನಡದವಲ್ಲ ಎಂದು ಯಾರಾದರೂ ಹೊರಗೆ ಹಾಕಲು ಹೊರಟರೆ ನಮ್ಮ ಕಿರಾಣಿ ಅಂಗಡಿಗಳು ಒಂದು ದಿನವೂ ನಡೆಯಲಾರವು.

ಅಬ್ಬಾ ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ದಲ್ಲಾಳಿ ಅಂಗಡಿಯ ಗುಮಾಸ್ತರಾಗಿದ್ದರು. ರೈತ ತಂದ ಜೋಳವೋ ಶೇಂಗಾವೋ ಹರಾಜಾದ ಮೇಲೆ ಪಟ್ಟಿ ಬರೆಯುವುದು ಅವರ ಕೆಲಸ. ಮೇಲೆ ತೂಕ, ದರ, ಅದರ ಮೊತ್ತ. ಅದರ ಕೆಳಗೆ ಕಳೆಯುವ ಸಾಲುಗಳು: ಹಮಾಲಿ, ತೂಕದ ಕೂಲಿ, ಚೀಲದ ತೂಕ, ಗಾಡಿ ಬಾಡಿಗೆ, ದಲ್ಲಾಳಿ, ಮೊದಲೇ ಒಯ್ದ ಮುಂಗಡ. ಕಟ್ಟಕಡೆಗೆ ರೈತನ ಕೈಗೆ ಬರುವ ಹಣ. ರೈತ ಅಂಗಡಿಯಲ್ಲಿ ನಿಂತಿರುವಷ್ಟು ಹೊತ್ತೂ ಕೊನೆಯ ಸಾಲನ್ನೇ ನೋಡುತ್ತಿದ್ದ, ಬಸ್ಸು ಹತ್ತಿ ಊರಿಗೆ ಹೋದ ಮೇಲೆ ಮಾತ್ರ ಮೇಲಿನ ಸಾಲನ್ನೇ ಹೇಳಿಕೊಳ್ಳುತ್ತಿದ್ದ ಎಂದು ಅಬ್ಬಾ ನಗುತ್ತಿದ್ದರು.

ಇದೆಲ್ಲ ಮತ್ತೆ ನೆನಪಿಗೆ ಬಂದದ್ದು ನನ್ನ ತಂಗಿಯ ಮಗಳಿಂದ. ಬಿ.ಕಾಂ. ಓದಿದ ಹುಡುಗಿ. ಮನೆಯಲ್ಲೇ ಕುಳಿತು ಅಫಿಲಿಯೇಟ್ ಮಾರ್ಕೆಟಿಂಗ್ ಮಾಡುತ್ತಾಳೆ. ಅದೇನೆಂದು ಅವಳ ಅಜ್ಜಿ ಕೇಳಿದಾಗ ಹುಡುಗಿ ಇಂಗ್ಲಿಷಿನಲ್ಲಿ ಒಂದಿಷ್ಟು ಹೇಳಿ ಸುಸ್ತಾದಳು. “ದಲ್ಲಾಲಿ, ಅಮ್ಮಾ” ಎಂದೆ ನಾನು. ಅಜ್ಜಿಗೆ ತಕ್ಷಣ ತಿಳಿಯಿತು. ಹುಡುಗಿಗೆ ಮಾತ್ರ ಸಿಟ್ಟು ಬಂತು.

ಸಿಟ್ಟು ಬಂದರೂ ಕೆಲಸ ಅದೇ. ದೊಡ್ಡ ಆನ್‌ಲೈನ್ ಅಂಗಡಿಯೊಂದು ಅವಳಿಗೆ ಗುರುತು ಹಾಕಿದ ಒಂದು ಲಿಂಕ್ ಕೊಡುತ್ತದೆ. ಆ ಲಿಂಕನ್ನು ಒತ್ತಿ ಹೋದವರು ಏನಾದರೂ ಕೊಂಡರೆ ಅವಳಿಗೆ ನೂರಕ್ಕೆ ಇಷ್ಟು ಎಂದು ಕಮಿಷನ್. ಸರಕು ಅವಳದಲ್ಲ, ಗೋದಾಮು ಅವಳದಲ್ಲ, ಗಿರಾಕಿಯ ಮುಖವನ್ನೂ ಅವಳು ನೋಡಿಲ್ಲ. ದಾರಿ ತೋರಿಸಿದ್ದಷ್ಟೇ ಅವಳದು. ಈ ವ್ಯವಹಾರವನ್ನು ದೊಡ್ಡದಾಗಿ ಬೆಳೆಸಿದ್ದು ಅಮೆಜಾನ್. 1996ರಲ್ಲಿ ಅದು ಇನ್ನೂ ಪುಸ್ತಕದ ಅಂಗಡಿಯಾಗಿದ್ದಾಗಲೇ ಯಾರು ಬೇಕಾದರೂ ತಮ್ಮ ಜಾಲತಾಣದಿಂದ ಗಿರಾಕಿ ಕಳಿಸಿ ಕಮಿಷನ್ ಪಡೆಯಬಹುದು ಎಂದು ಬಾಗಿಲು ತೆರೆಯಿತು. ಅದಕ್ಕೂ ಮೊದಲು, 1989ರಲ್ಲಿ, ಅಮೆರಿಕದ ಪ್ರಾಡಿಜಿ ಎಂಬ ಕಂಪ್ಯೂಟರ್ ಜಾಲದಲ್ಲಿ ವಿಲಿಯಂ ಟೋಬಿನ್ ಎಂಬವರು ಹೂವು ಮಾರುವ ಅಂಗಡಿ ತೆರೆದು, ಮಾರಾಟವಾದಾಗಲೆಲ್ಲ ಜಾಲದವರಿಗೆ ಪಾಲು ಕೊಡುತ್ತಿದ್ದರು.

ಗಿರಾಕಿ ಎಲ್ಲಿಂದ ಬರುತ್ತಾನೆ ಎಂಬುದು ಮುಂದಿನ ಪ್ರಶ್ನೆ. ಸಾವಿರಾರು ಜನ ತಾವಾಗಿಯೇ ಬಂದು ಓದುವ ಬರಹಗಾರನಿಗೆ ಗಿರಾಕಿ ಪುಕ್ಕಟೆ. ಹಾಗಿಲ್ಲದವರು ಗಿರಾಕಿಯನ್ನೂ ಕೊಂಡು ತರಬೇಕು. ಜಾಹೀರಾತು ಕಂಪನಿಗೆ ಹಣ ಕೊಟ್ಟು ಜನರ ಮೊಬೈಲಿನೊಳಗೆ ತಮ್ಮ ವಿಡಿಯೊ ಹಾಕಿಸಬೇಕು. ಒಬ್ಬ ಒತ್ತಿದರೆ ಇಷ್ಟು ಎಂದು ದರ. ಆ ದರ ಗೊತ್ತುಮಾಡುವುದೂ ಹರಾಜೇ. 1998ರಲ್ಲಿ ಗೋಟು ಎಂಬ ಕಂಪನಿ ಹುಡುಕುವ ಪದಗಳನ್ನು ಕ್ಲಿಕ್ಕಿನ ಲೆಕ್ಕದಲ್ಲಿ ಹರಾಜಿಗಿಟ್ಟಿತು. 2000ರಲ್ಲಿ ಜಾಹೀರಾತು ಮಾರಲು ಶುರುಮಾಡಿದ್ದ ಗೂಗಲ್ 2002ರಲ್ಲಿ ಅದೇ ದಾರಿ ಹಿಡಿಯಿತು. ಮಂಡಿಪೇಟೆಯಲ್ಲಿ ಹರಾಜು ಕೂಗುವವನ ಗಂಟಲು ಕಟ್ಟುತ್ತಿತ್ತು. ಇಲ್ಲಿ ನಾವು ಕಣ್ಣು ಮಿಟುಕಿಸುವುದರೊಳಗೆ ಸದ್ದಿಲ್ಲದೆ ಹರಾಜು ಮುಗಿದಿರುತ್ತದೆ, ಮಾರಾಟವಾಗಿದ್ದು ನಮ್ಮ ಗಮನ ಎಂಬುದೂ ನಮಗೆ ತಿಳಿಯುವುದಿಲ್ಲ.

ಹುಡುಗಿ ಅಡುಗೆಮನೆಯ ಸಾಮಾನುಗಳ ವಿಡಿಯೊ ಮಾಡುತ್ತಾಳೆ. ಮುಖ ತೋರಿಸುವುದಿಲ್ಲ, ಎರಡು ಕೈ ಮಾತ್ರ ಕಾಣುತ್ತವೆ. ಮಿಕ್ಸಿ, ಕುಕ್ಕರ್, ಇಡ್ಲಿಹಿಟ್ಟಿನ ಗ್ರೈಂಡರ್. ಮಾತು ಚೆನ್ನಾಗಿದೆ, ದಾವಣಗೆರೆಯ ಕನ್ನಡ. 2025ರ ಏಪ್ರಿಲ್ ತಿಂಗಳಲ್ಲಿ ಅವಳು ಜಾಹೀರಾತಿಗೆ 20,000 ರೂಪಾಯಿ ಹಾಕಿದಳು. ತಿಂಗಳ ಕೊನೆಗೆ ಅಂಗಡಿಯ ಪರದೆಯ ಮೇಲೆ ಅವಳ ಗಳಿಕೆ 26,950 ರೂಪಾಯಿ ಎಂದು ಹಸಿರು ಅಕ್ಷರದಲ್ಲಿ ಮೂಡಿತು. ಅದರ ಫೋಟೊ ನಮ್ಮ ಮನೆತನದ ಎಲ್ಲ ಮೊಬೈಲುಗಳಿಗೂ ಹೋಯಿತು. ಖಾಲಾ, ಫೂಫಿ, ಚಾಚಾ ಎಲ್ಲರೂ ಮಾಷಾ ಅಲ್ಲಾ ಎಂದರು.

ಅವಳ ಅಪ್ಪ ಸ್ಕೂಟರ್ ಬಿಡಿಭಾಗಗಳ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಬಾಯಿಲೆಕ್ಕದಲ್ಲಿ ಗಟ್ಟಿಗ. 20,000 ಹಾಕಿದರೆ 6,950 ಉಳಿಯುತ್ತದೆ, ಹಾಗಾದರೆ 80,000 ಹಾಕಿದರೆ 27,800 ಉಳಿಯಬೇಕು ಎಂದ. ಕೈಯಲ್ಲಿ 60,000 ಇತ್ತು, ಮಗನ ಡಿಪ್ಲೊಮಾ ಫೀಜಿಗೆ ಕೂಡಿಟ್ಟದ್ದು. ಜೂನ್ ಕೊನೆಯಲ್ಲಿ ಕಟ್ಟಬೇಕು. “ಅಷ್ಟರೊಳಗೆ ಬಂದುಬಿಡುತ್ತಲ್ಲ” ಎಂದು ಅವನ ಮಾತು. ತಂಗಿ ನನಗೆ ಫೋನ್ ಮಾಡಿ ಒಮ್ಮೆ ಬಂದು ನೋಡು ಎಂದಳು. ಕಥೆ ಬರೆಯುವವನನ್ನು ಲೆಕ್ಕಕ್ಕೆ ಕರೆದದ್ದು ನನ್ನ ಮೇಲಿನ ಭರವಸೆಯಿಂದಲ್ಲ, ಅಬ್ಬಾನ ಮಗ ಎಂಬ ಕಾರಣಕ್ಕೆ.

ಮೇ ತಿಂಗಳ ಒಂದು ಭಾನುವಾರ ನಾವು ಮೂವರೂ ಕುಳಿತೆವು. ನಾನು ಅಂಗಡಿಯಿಂದ ಒಂದು ಉದ್ದನೆಯ ಖಾತೆ ಪುಸ್ತಕ ಕೊಂಡು ಹೋಗಿದ್ದೆ. ಕಂಪ್ಯೂಟರಿನಲ್ಲೇ ಬರೆಯಬಹುದಲ್ಲ ಎಂದಳು ಹುಡುಗಿ. ಬರೆಯಬಹುದು. ಆದರೆ ಪರದೆಯ ಮೇಲಿನ ಅಂಕಿಗಳು ಯಾರದೆಂದು ಮೊದಲು ಕೇಳಿಕೊಳ್ಳಬೇಕು. ಖರ್ಚಿನ ಅಂಕಿ ಹೇಳುವವನು ಜಾಹೀರಾತು ಮಾರುವವನು. ಗಳಿಕೆಯ ಅಂಕಿ ಹೇಳುವವನು ಸರಕು ಮಾರುವವನು. ಎರಡೂ ಕಡೆಯವರು ನೀನು ಇನ್ನಷ್ಟು ಹಣ ಹಾಕಲಿ ಎಂದು ಬಯಸುವವರೇ. ನಡುವೆ ನಿಂತ ದಲ್ಲಾಳಿಯ ಸ್ವಂತ ಪುಸ್ತಕ ಎಲ್ಲಿದೆ?

ಮೊದಲು ಖರ್ಚು. 20,000 ರೂಪಾಯಿ ಜಾಹೀರಾತಿನ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 3,600. ಜಿ.ಎಸ್.ಟಿ. ನೋಂದಣಿ ಮಾಡಿಸಿದ ದೊಡ್ಡ ಕಂಪನಿಗಳು ಈ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುತ್ತವೆ. ನೋಂದಣಿ ಇಲ್ಲದ ಈ ಹುಡುಗಿಗೆ ಅದು ಪೂರ್ತಿ ಖರ್ಚೇ. ಪರದೆಯ ಮೇಲೆ ‘ಜಾಹೀರಾತು ವೆಚ್ಚ’ ಎಂಬ ಸಾಲಿನಲ್ಲಿ ಇದು ಕಾಣುವುದಿಲ್ಲ, ಬಿಲ್ಲು ತೆರೆದು ನೋಡಿದರೆ ಕೆಳಗೆ ಸಣ್ಣಗೆ ಇರುತ್ತದೆ. ಹೋದ ಹಣ ಒಟ್ಟು 23,600.

ಇನ್ನು ಜಮಾ. ಆ ತಿಂಗಳು ಅವಳ ಲಿಂಕಿನಿಂದ 110 ಆರ್ಡರ್ ಆಗಿದ್ದವು. ಸರಾಸರಿ 3,500 ರೂಪಾಯಿಯ ಸಾಮಾನು, ನೂರಕ್ಕೆ 7ರಂತೆ ಒಂದಕ್ಕೆ 245 ರೂಪಾಯಿ ಕಮಿಷನ್. ಗುಣಿಸಿದರೆ ಸರಿಯಾಗಿ 26,950. ಆದರೆ ಆರ್ಡರ್ ಮಾಡಿದವರೆಲ್ಲ ಸಾಮಾನು ಇಟ್ಟುಕೊಳ್ಳುವುದಿಲ್ಲ. ಬಣ್ಣ ಹಿಡಿಸಲಿಲ್ಲ ಎಂದು, ಗಂಡ ಬೈದ ಎಂದು, ಬಾಗಿಲಿಗೆ ಬಂದಾಗ ಕೈಯಲ್ಲಿ ನಗದು ಇಲ್ಲ ಎಂದು ವಾಪಸು ಕಳಿಸುತ್ತಾರೆ. ಮೇ ತಿಂಗಳ ನಡುವಿಗೆ 14 ಆರ್ಡರ್ ವಾಪಸಾಗಿದ್ದವು. ಅವುಗಳ ಕಮಿಷನ್ 3,430 ರೂಪಾಯಿ ಅಂಗಡಿಯವರು ಹಿಂದಕ್ಕೆ ತೆಗೆದುಕೊಂಡಿದ್ದರು. ಹಸಿರು ಅಕ್ಷರದ ಫೋಟೊ ಎಲ್ಲರಿಗೂ ಹೋಗಿತ್ತು, ಈ ಕೆಂಪು ಅಕ್ಷರ ಯಾರಿಗೂ ಹೋಗಿರಲಿಲ್ಲ. ಉಳಿದದ್ದು 23,520.

ಖರ್ಚು 23,600, ಜಮಾ 23,520. ಎಂಬತ್ತು ರೂಪಾಯಿ ನುಕ್ಸಾನು.

ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳಪ್ಪ “ಎಂಬತ್ತು ರೂಪಾಯಿ ತಾನೇ” ಎಂದ. ನಾನು ಅದನ್ನೇ ಚೂರು ಮಾಡಿ ತೋರಿಸಿದೆ. ತಿಂಗಳಲ್ಲಿ ಕೊಂಡ ಕ್ಲಿಕ್ಕು 5,000. ಒಂದೊಂದಕ್ಕೆ ತೆರಿಗೆ ಸೇರಿ 4 ರೂಪಾಯಿ 72 ಪೈಸೆ ಕೊಟ್ಟು, ಒಂದೊಂದರಿಂದ 4 ರೂಪಾಯಿ 70 ಪೈಸೆ ತಂದಿದ್ದೇವೆ. ಇದನ್ನೇ ನಾಲ್ಕು ಪಟ್ಟು ಮಾಡಿದರೆ ಲಾಭ ನಾಲ್ಕು ಪಟ್ಟಾಗುವುದಿಲ್ಲ. ನಷ್ಟವೂ ಬರೀ ನಾಲ್ಕು ಪಟ್ಟಿಗೆ ನಿಲ್ಲುವುದಿಲ್ಲ. ಕೊಳ್ಳುವ ಮನಸ್ಸಿದ್ದವರನ್ನು ಮೊದಲು ಮುಗಿಸಿ ಆಮೇಲೆ ಅರೆಮನಸ್ಸಿನವರ ಹತ್ತಿರ ಹೋಗುವುದು ಜಾಹೀರಾತಿನ ಗುಣ. ಹಣ ಹೆಚ್ಚಿದಂತೆ ಕ್ಲಿಕ್ಕು ತುಟ್ಟಿ, ಗಿರಾಕಿ ತೆಳು.

ಹುಡುಗಿ ಮತ್ತೊಂದು ಕಡಿತ ನೆನಪಿಸಿದಳು. ಕಮಿಷನ್ ಹಾಕುವಾಗ ಅಂಗಡಿಯವರು ಆದಾಯ ತೆರಿಗೆಯನ್ನು ಮೊದಲೇ ಹಿಡಿಯುತ್ತಾರೆ. ಈ ದರ ನೂರಕ್ಕೆ 5 ಇದ್ದದ್ದು 2024ರ ಅಕ್ಟೋಬರಿನಿಂದ 2ಕ್ಕೆ ಇಳಿದಿದೆ. ಸುಮಾರು 470 ರೂಪಾಯಿ. ಅವಳು ಅದನ್ನು ಖರ್ಚಿನ ಕಡೆ ಬರೆಯಹೊರಟಳು. ಅದು ಖರ್ಚಲ್ಲ, ಬಾಕಿ ಎಂದೆ. ವರ್ಷದ ಕೊನೆಗೆ ರಿಟರ್ನ್ ಸಲ್ಲಿಸಿ, ತೆರಿಗೆ ಕಟ್ಟುವಷ್ಟು ಆದಾಯವಿಲ್ಲ ಎಂದು ತೋರಿಸಿದರೆ ಸರ್ಕಾರ ಹಿಂದಕ್ಕೆ ಕೊಡಬೇಕಾದ ದುಡ್ಡು. ಬಡವರ ಎಷ್ಟೋ ಹಣ ರಿಟರ್ನ್ ಸಲ್ಲಿಸದೆ ಹೀಗೆಯೇ ಉಳಿದುಹೋಗುತ್ತದೆ.

ಗ್ರೈಂಡರಿನ ವಿಷಯಕ್ಕೆ ನಗು ಬಂತು. ವಿಡಿಯೊ ಮಾಡಲು ಅವಳು 4,200 ರೂಪಾಯಿ ಕೊಟ್ಟು ಒಂದು ಗ್ರೈಂಡರ್ ಕೊಂಡಿದ್ದಳು. ಅದು ವ್ಯಾಪಾರದ ಖರ್ಚೋ ಮನೆಯ ಖರ್ಚೋ? ಆ ಗ್ರೈಂಡರಿನ ಇಡ್ಲಿಯನ್ನು ಅಂದು ಬೆಳಗ್ಗೆ ನಾನೂ ತಿಂದಿದ್ದೆ. ಅರ್ಧ ಮನೆಗೆ, ಅರ್ಧ ವ್ಯಾಪಾರಕ್ಕೆ, ವ್ಯಾಪಾರದ ಅರ್ಧವನ್ನು ಹನ್ನೆರಡು ತಿಂಗಳಿಗೆ ಹಂಚಿ ತಿಂಗಳಿಗೆ 175 ರೂಪಾಯಿ ಎಂದು ಬರೆದೆವು. ಜಾಲತಾಣದ ಬಾಡಿಗೆ, ಹೆಸರಿನ ಬಾಡಿಗೆ, ಇಂಟರ್‌ನೆಟ್ ಅದರ ಕೆಳಗೆ ಬಂದವು. ಎಂಬತ್ತು ರೂಪಾಯಿ ಆಗಲೇ ಸಾವಿರದ ಹತ್ತಿರ ಹೋಗಿತ್ತು.

ಆದರೆ ಅವಳಪ್ಪನನ್ನು ತಡೆದದ್ದು ಈ ಯಾವ ಅಂಕಿಯೂ ಅಲ್ಲ, ತಾರೀಖು. ಜಾಹೀರಾತಿನ ಹಣ ಹೋಗುವುದು ದಿನದಿನ. ಕಮಿಷನ್ ಬ್ಯಾಂಕಿಗೆ ಬರುವುದು ಆ ತಿಂಗಳು ಮುಗಿದು ಸುಮಾರು ಎರಡು ತಿಂಗಳಿಗೆ. ಏಪ್ರಿಲ್ ಒಂದನೇ ತಾರೀಖು ಹೋದ ರೂಪಾಯಿ ಜೂನ್ ಕೊನೆಗೆ ಮನೆ ಸೇರುತ್ತದೆ. ಮೇ ತಿಂಗಳಲ್ಲಿ ಹಾಕಿದ್ದು ಜುಲೈ ಕೊನೆಗೆ. ಎಂದರೆ ತಿಂಗಳಿಗೆ 20,000 ಹಾಕುವ ಅಂಗಡಿ ನಡೆಯಬೇಕಾದರೆ ಮೊದಲ ಕಾಸು ಬರುವ ಮುಂಚೆ ಮೂರು ತಿಂಗಳ ಹಣ, ತೆರಿಗೆ ಸೇರಿ 70,800 ರೂಪಾಯಿ, ಹೊರಗೇ ಇರಬೇಕು. ಎಷ್ಟೋ ಹುಡುಗರು ಈ ಅಂತರವನ್ನು ಕ್ರೆಡಿಟ್ ಕಾರ್ಡಿನಿಂದ ತುಂಬುತ್ತಾರೆ. ಬಾಕಿ ಉಳಿಸಿಕೊಂಡರೆ ಅನೇಕ ಕಾರ್ಡುಗಳ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ. ಬಡ್ಡಿ ಬೇಡ ಎನ್ನುವ ಮನೆಯಲ್ಲಿ ಅದನ್ನು ‘ಕಾರ್ಡ್ ಚಾರ್ಜು’ ಎಂದು ಕರೆದರೆ ಅದು ಬಡ್ಡಿಯಲ್ಲದೆ ಹೋಗುತ್ತದೆಯೇ? ಅಬ್ಬಾ ಹೇಳುತ್ತಿದ್ದ ಮಾತೊಂದಿತ್ತು: “ಆತೇ ಬೋಲೇ ಸೋ ಪೈಸೇ, ಆಯೇ ಸೋ ಪೈಸೇ ನೈಂ.” ಬರುತ್ತದೆ ಎಂದ ದುಡ್ಡು ಬಂದ ದುಡ್ಡಲ್ಲ. ಅವರ ಪುಸ್ತಕದಲ್ಲಿ ಆಡಿದ ಹಣಕ್ಕೆ ಒಂದು ಪುಟ, ಬಂದ ಹಣಕ್ಕೆ ಇನ್ನೊಂದು ಪುಟ ಇರುತ್ತಿತ್ತು. ನಾವೂ ಹಾಗೇ ಎರಡು ಪುಟ ಮಾಡಿದೆವು. ಎರಡನೆಯ ಪುಟದಲ್ಲಿ ಆ ದಿನ ಬರೆಯಲು ಏನೂ ಇರಲಿಲ್ಲ. ಅವಳಪ್ಪ ಆ ಖಾಲಿ ಪುಟವನ್ನೇ ನೋಡುತ್ತಿದ್ದ. ಫೀಜಿನ ಹಣದ ಮಾತು ಮತ್ತೆ ಎತ್ತಲಿಲ್ಲ.

ಹಾಗಾದರೆ ಈ ಕೆಲಸ ಬಿಟ್ಟುಬಿಡಲೇ ಎಂದು ಹುಡುಗಿ ಕೇಳಿದಳು. ಕಣ್ಣಲ್ಲಿ ನೀರಿತ್ತು. ಎರಡು ವರ್ಷದ ದುಡಿಮೆ. ಬಿಡು ಎನ್ನಲು ಪುಸ್ತಕ ಇನ್ನೂ ಪೂರ್ತಿಯಾಗಿರಲಿಲ್ಲ. ಈ 5,000 ಕ್ಲಿಕ್ಕು ಎಲ್ಲವೂ ಒಂದೇ ವಿಡಿಯೊದಿಂದ ಬಂದವೇ? ಅಲ್ಲ, ಆರು ವಿಡಿಯೊ ಇದ್ದವು. ಯಾವ ವಿಡಿಯೊದಿಂದ ಬಂದವರು ಕೊಂಡರು? ಅದಕ್ಕೂ ಒಂದು ಉಪಾಯ ಇದೆ. ಒಂದೊಂದು ಜಾಹೀರಾತಿಗೂ ಬೇರೆ ಬೇರೆ ಗುರುತಿನ ಲಿಂಕ್ ಹಾಕಬಹುದು, ಅಂಗಡಿಯ ವರದಿಯಲ್ಲಿ ಆ ಗುರುತಿನ ಸಮೇತ ಮಾರಾಟ ಬರುತ್ತದೆ. ಮಂಡಿಯಲ್ಲಿ ರೈತರ ಚೀಲಗಳ ಮೇಲೆ ನೀಲಿ ಮಸಿಯಲ್ಲಿ ಗುರುತು ಹಾಕುತ್ತಿದ್ದರಲ್ಲ, ಅದೇ. ಹುಡುಗಿ ಅದನ್ನು ಮಾಡಿಟ್ಟಿದ್ದಳು, ಬಿಡಿಸಿ ಕೂಡಿಸಿ ನೋಡಿರಲಿಲ್ಲ. ಆ ರಾತ್ರಿ ಕೂತು ಬಿಡಿಸಿದಳು.

ಗ್ರೈಂಡರಿನ ವಿಡಿಯೊ ಒಂದರಿಂದಲೇ 1,500 ಕ್ಲಿಕ್ಕು, ವಾಪಸಾದದ್ದು ಕಳೆದು 53 ಮಾರಾಟ. ಸರಾಸರಿ ದರದಲ್ಲಿ ಖರ್ಚು 7,080, ಜಮಾ 12,985. ಉಳಿದ ಐದು ವಿಡಿಯೊ ಸೇರಿ 3,500 ಕ್ಲಿಕ್ಕು, 43 ಮಾರಾಟ. ಖರ್ಚು 16,520, ಜಮಾ 10,535. ಎಂಬತ್ತು ರೂಪಾಯಿ ನುಕ್ಸಾನಿನ ಹೊಟ್ಟೆಯೊಳಗೆ 5,905 ರೂಪಾಯಿ ನಫೆ ಮಲಗಿತ್ತು, ಅದರ ಪಕ್ಕದಲ್ಲೇ 5,985 ರೂಪಾಯಿಯ ತೂತು. ಒಟ್ಟು ಲೆಕ್ಕ ಎರಡನ್ನೂ ಮುಚ್ಚಿಟ್ಟಿತ್ತು. ನನಗೆ ಕಥೆಗಾರನಾಗಿ ಇದು ಬಹಳ ಇಷ್ಟವಾಯಿತು. ಸರಾಸರಿ ಮನುಷ್ಯನನ್ನು ಕುರಿತು ಯಾರೂ ಕಥೆ ಬರೆಯಲಾರರು.

ಒಂದು ಅಂಕಿ ಮಾತ್ರ ಕೊನೆಗೂ ಕೂಡಿಬರಲಿಲ್ಲ. ಜಾಹೀರಾತು ಕಂಪನಿ 5,000 ಕ್ಲಿಕ್ಕಿಗೆ ಹಣ ತೆಗೆದುಕೊಂಡಿತ್ತು, ಹುಡುಗಿಯ ಜಾಲತಾಣಕ್ಕೆ ಬಂದವರು 4,300. ಏಳುನೂರು ಜನ ಎಲ್ಲಿ ಹೋದರು? ಬೆರಳು ತಾಗಿ ಒತ್ತಿದವರು, ಪುಟ ತೆರೆಯುವುದರೊಳಗೆ ಬೇಸತ್ತು ಹಿಂದಕ್ಕೆ ಹೋದವರು, ಮನುಷ್ಯರೇ ಅಲ್ಲದ ಯಂತ್ರಗಳು. ಎಣಿಸುವವರು ಇಬ್ಬರಾದರೆ ಎಣಿಕೆ ಎರಡಾಗುತ್ತದೆ. ಜತೆಗೆ 2021ರ ಏಪ್ರಿಲಿನಲ್ಲಿ ಆಪಲ್ ಕಂಪನಿ, ಫೋನಿನ ಒಡೆಯ ಒಪ್ಪಿಗೆ ಕೊಡದೆ ಒಂದು ಆ್ಯಪ್ ಅವನನ್ನು ಬೇರೆ ಆ್ಯಪ್, ತಾಣಗಳಲ್ಲಿ ಹಿಂಬಾಲಿಸುವಂತಿಲ್ಲ ಎಂದು ಕಟ್ಟು ಮಾಡಿದ ಮೇಲೆ ಹೆಜ್ಜೆಗುರುತುಗಳು ಇನ್ನೂ ಮಸುಕಾದವು. ಜಾಹೀರಾತಿನವರು ಗೋಳಾಡಿದರು. ಅನುಮತಿಯಿಲ್ಲದೆ ಹಿಂಬಾಲಿಸಿಕೊಂಡವನಿಗೆ ಅದರಿಂದ ನೆಮ್ಮದಿಯೇ ಅಲ್ಲವೆ? ನಾನು ಈ ವಿಷಯದಲ್ಲಿ ಸೊಸೆಯ ಪಕ್ಷ ವಹಿಸಲಾರೆ.

ದಲೀಲನ್ನೇ ಕಳ್ಳತನ ಮಾಡಿದವರೂ ಇದ್ದಾರೆ. ಯಾರು ಯಾರನ್ನು ಕಳಿಸಿದರು ಎಂದು ಗುರುತಿಡಲು ಗಿರಾಕಿಯ ಕಂಪ್ಯೂಟರಿನಲ್ಲಿ ಕುಕ್ಕಿ ಎಂಬ ಸಣ್ಣ ಚೀಟಿ ಇಡುತ್ತಾರೆ. ಅಮೆರಿಕದಲ್ಲಿ ಇಬೇ ಎಂಬ ಅಂಗಡಿಯ ದೊಡ್ಡ ಅಫಿಲಿಯೇಟುಗಳಿಬ್ಬರು, ತಮ್ಮ ಲಿಂಕನ್ನು ಒತ್ತದೇ ಇದ್ದ ಲಕ್ಷಾಂತರ ಜನರ ಕಂಪ್ಯೂಟರಿನಲ್ಲೂ ತಮ್ಮ ಚೀಟಿ ತುರುಕಿ ಕಮಿಷನ್ ಪಡೆದರು. ಇಬೇ 2008ರಲ್ಲಿ ಮೊಕದ್ದಮೆ ಹೂಡಿತು, 2014ರಲ್ಲಿ ಇಬ್ಬರಿಗೂ ಜೈಲಾಯಿತು. ಗಿರಾಕಿಗೆ ದಾರಿ ತೋರಿಸದೆಯೇ ತೋರಿಸಿದೆ ಎಂದು ಹೇಳಿಕೊಂಡ ದಲ್ಲಾಳಿಗಳು.

ಖಾತೆ ಪುಸ್ತಕದಿಂದ ನಮಗೆ ಗೊತ್ತಾದ ಇನ್ನೊಂದು ಸಂಗತಿ ತಿಂಗಳ ದಿನಗಳದ್ದು. ಪ್ರತಿ ಅಂಗಡಿಗೂ ಒಂದು ಗಡುವಿದೆ. ಲಿಂಕ್ ಒತ್ತಿದವನು ಅಷ್ಟು ಹೊತ್ತಿನೊಳಗೆ ಕೊಂಡರೆ ಮಾತ್ರ ಕಮಿಷನ್. ಅಮೆಜಾನಿನಲ್ಲಿ ಸಾಮಾನ್ಯವಾಗಿ 24 ಗಂಟೆ. ನಮ್ಮ ಜನ ಇಪ್ಪತ್ತೆಂಟನೇ ತಾರೀಖು ನೋಡಿ ಆಸೆಪಟ್ಟು, ಸಂಬಳ ಬಂದ ಮೇಲೆ ಒಂದನೇ ತಾರೀಖು ಕೊಳ್ಳುತ್ತಾರೆ. ಇಪ್ಪತ್ತೆಂಟರ ಕ್ಲಿಕ್ಕಿಗೆ ಹುಡುಗಿ ಹಣ ಕೊಟ್ಟಿರುತ್ತಾಳೆ, ಒಂದರ ಮಾರಾಟ ಅವಳ ಹೆಸರಿಗೆ ಬರುವುದಿಲ್ಲ. ತಾರೀಖುವಾರು ಬರೆದ ಮೇಲೆ ಇದು ಕಣ್ಣಿಗೆ ರಾಚಿತು. ಇಪ್ಪತ್ತೆರಡರ ನಂತರ ಜಾಹೀರಾತು ನಿಲ್ಲಿಸಿ, ಒಂದರಿಂದ ಹತ್ತರವರೆಗೆ ಜೋರು ಮಾಡಿದಳು. ತಿಂಗಳ ಸಂಬಳದ ಊರು ಹೇಗೆ ಉಸಿರಾಡುತ್ತದೆ ಎಂಬುದು ಯಾವ ಅಮೆರಿಕದ ತರಬೇತಿಯಲ್ಲೂ ಇರಲಾರದು.

ಕಮಿಷನ್ನಿನ ದರವೂ ನಮ್ಮ ಕೈಯಲ್ಲಿಲ್ಲ. 2020ರ ಏಪ್ರಿಲಿನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣಗಳ ಕಮಿಷನ್ನನ್ನು ನೂರಕ್ಕೆ 8ರಿಂದ 3ಕ್ಕೆ ಇಳಿಸಿತು. ಲಾಕ್‌ಡೌನಿನಲ್ಲಿ ಜನ ಮನೆಯಲ್ಲಿ ಕುಳಿತು ಆನ್‌ಲೈನಿನಲ್ಲೇ ಕೊಳ್ಳುತ್ತಿದ್ದ ಕಾಲ ಅದು. ಮಂಡಿಯ ದಲ್ಲಾಳಿ ದರ ಇಳಿಸಿದ್ದರೆ ಗಲಾಟೆಯಾದರೂ ಆಗುತ್ತಿತ್ತು. ಇಲ್ಲಿ ಒಂದು ಇಮೇಲ್ ಬರುತ್ತದೆ.

ದರ ಹೆಚ್ಚು ಕೊಡುವವರು ಇರಲಿಲ್ಲವೆಂದಲ್ಲ. 2024ರಲ್ಲಿ ಅವಳಿಗೆ ಬೆಟ್ಟಿಂಗ್ ಆ್ಯಪಿನವರಿಂದಲೂ ಸಾಲದ ಆ್ಯಪಿನವರಿಂದಲೂ ಕರೆ ಬಂದಿತ್ತು. ಒಬ್ಬನನ್ನು ಸೇರಿಸಿದರೆ ನಾಲ್ಕು ಗ್ರೈಂಡರ್ ಮಾರಿದಷ್ಟು ಕಮಿಷನ್. ಅವಳ ಗೆಳತಿಯೊಬ್ಬಳು ಒಪ್ಪಿಕೊಂಡಳು, ಇವಳು ಒಪ್ಪಲಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನು ಮಾಡಿದಾಗ ಅವಳು ನನಗೆ ಆ ಸುದ್ದಿ ಕಳಿಸಿದ್ದಳು, ಜತೆಗೆ ಒಂದು ಮಾತೂ ಇರಲಿಲ್ಲ. ಬೇಡ ಎಂದದ್ದಕ್ಕೆ ಪುಸ್ತಕದಲ್ಲಿ ಕಾಲಂ ಇಲ್ಲ. ಅಬ್ಬಾನ ಪುಸ್ತಕದಲ್ಲೂ ಇರಲಿಲ್ಲ.

ತನಗೆ ಕಮಿಷನ್ ಬರುತ್ತದೆಂದು ನೋಡುವವರಿಗೆ ತಿಳಿಸುವುದನ್ನು ಕೂಡ ಅವಳು ಶುರುಮಾಡಿದ್ದಾಳೆ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇಂಥ ಸಂಬಂಧವನ್ನು ಮುಚ್ಚಿಡಬಾರದು, ಜನರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು ಎಂದು ಸೂಚಿಸಿತ್ತು. ಬಹಳ ಮಂದಿ ಇಂಗ್ಲಿಷಿನ ಒಂದು ಪದ ಮೂಲೆಯಲ್ಲಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ಇವಳು ವಿಡಿಯೊದ ಮೊದಲಿಗೇ ಕನ್ನಡದಲ್ಲಿ, “ಈ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಬರ್ತದ್ರೀ” ಎನ್ನುತ್ತಾಳೆ. ಮೊದಲು ಕ್ಲಿಕ್ಕು ಕಡಿಮೆಯಾದವು.

ಐದು ವಿಡಿಯೊ ನಿಂತವು, ಗ್ರೈಂಡರಿನದು ಉಳಿಯಿತು. ತಿಂಗಳಿಗೆ 7,000ದ ಮೇಲೆ ಜಾಹೀರಾತಿಗೆ ಹಾಕುವುದಿಲ್ಲ. ಅದೂ ಸದಾ ಒಂದೇ ತೆರನಾಗಿ ನಡೆಯಲಿಲ್ಲ. ನೋಡಿದವರೇ ಮತ್ತೆ ಮತ್ತೆ ನೋಡಿ ವಿಡಿಯೊ ಹಳತಾಯಿತು, ಮಸಾಲೆದೋಸೆಯ ಹಿಟ್ಟು ರುಬ್ಬುವ ಹೊಸದೊಂದನ್ನು ಮಾಡಬೇಕಾಯಿತು. ದೀಪಾವಳಿಯ ಮಾರಾಟದ ಹೊತ್ತಿಗೆ ದೊಡ್ಡ ಕಂಪನಿಗಳೆಲ್ಲ ಹರಾಜಿಗೆ ಇಳಿದು ಕ್ಲಿಕ್ಕಿನ ದರ ಆರು ರೂಪಾಯಿ ದಾಟಿತು. ಅವಳು ಪುಸ್ತಕ ನೋಡಿ ಹದಿನೈದು ದಿನ ಜಾಹೀರಾತೇ ನಿಲ್ಲಿಸಿದಳು. ತಮ್ಮನ ಫೀಜು ಜೂನಿನಲ್ಲೇ ಕಟ್ಟಿದ್ದಾಯಿತು, ಅವನೀಗ ಡಿಪ್ಲೊಮಾ ಓದುತ್ತಿದ್ದಾನೆ.

ನವೆಂಬರಿನಲ್ಲಿ ಹೋದಾಗ ಪುಸ್ತಕದಲ್ಲಿ ಅವಳು ತಾನೇ ಗೆರೆ ಎಳೆದು ಸೇರಿಸಿದ ಒಂದು ಹೊಸ ಕಾಲಂ ಇತ್ತು. ಮೇಲೆ ‘ಹೊತ್ತು’ ಎಂದು ಬರೆದಿದ್ದಳು. ವಿಡಿಯೊ ಮಾಡಿದ್ದು, ಕತ್ತರಿಸಿದ್ದು, ಗಿರಾಕಿಗಳ ಪ್ರಶ್ನೆಗೆ ಉತ್ತರ ಕೊಟ್ಟದ್ದು, ಲೆಕ್ಕ ಬರೆದದ್ದು ಸೇರಿ ಜೂನ್ ತಿಂಗಳಲ್ಲಿ 140 ಗಂಟೆ. ಎಲ್ಲ ಕಳೆದು ಆ ತಿಂಗಳು ಉಳಿದದ್ದು 5,180 ರೂಪಾಯಿ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಭಾಗಿಸಿ 37 ಎಂದು ಬರೆದಿದ್ದಳು.

“ಮಾಮೂ, ಇದನ್ನ ಅಬ್ಬಾಗೆ ಹೇಳಬೇಡಿ” ಎಂದಳು.

ಅವನು ಆಗಲೇ ನೋಡಿದ್ದ. ಮರುದಿನ ಅವನ ಅಂಗಡಿಗೆ ಚಹಾಕ್ಕೆ ಹೋದಾಗ ಗಲ್ಲೆಯ ಪಕ್ಕದಲ್ಲಿ ಅವನ ಉದ್ರಿ ಪುಸ್ತಕ ತೆರೆದು ಬಿದ್ದಿತ್ತು. ಕೊನೆಯಲ್ಲಿ ಹೊಸದಾಗಿ ಗೆರೆ ಎಳೆದ ಒಂದು ಕಾಲಂ, ಮೇಲೆ ಉರ್ದುವಿನಲ್ಲಿ ‘ವಖ್ತ್’ ಎಂದು ಬರೆದಿತ್ತು. ಕೆಳಗೆ ಇನ್ನೂ ಏನೂ ತುಂಬಿರಲಿಲ್ಲ.